ಮೇಜರ್ ದೊರೆಯ ಹಸಿರು ಬಣ್ಣ

ಮಲಯಾದ ನಮ್ಮ ಬಂದರನ್ನು ಕಾಯುವ ಯೋಜನೆ ಹಾಕುವ ಮೇಜರ್ ಪೆಲ್‌ಹ್ಯಾಮ್ ದೊರೆಗೆ ತಿಳಿಯದ ವಿಷಯವೇ ಇಲ್ಲ. ಜಪಾನಿನವರು ಯಾವ ದಿಕ್ಕಿನಿಂದ ಬರುತ್ತಾರೆ, ಬಂದವರು ಹೇಗೆ ಸೋಲುತ್ತಾರೆ, ಎಲ್ಲವೂ ಗೊತ್ತು. ಅದನ್ನು ಜಪಾನಿನವರಿಗೆ ತಿಳಿಸುವುದೊಂದೇ ಬಾಕಿ. ನಕ್ಷೆಯಲ್ಲಿ ಫಿರಂಗಿಗೆ ಕೆಂಪು, ತಂತಿಬೇಲಿಗೆ ಕಪ್ಪು, ಊರ ಬೆನ್ನಿಗಿರುವ ಜೌಗುಕಾಡಿಗೆ ಹಸಿರು. ಬಳಿಯುವವನು ನಾನು. "ಅಲ್ಲಿಗ್ಯಾಕೆ ಕಾವಲು? ಆ ಕೆಸರನ್ನ ಒಂದು ನರಪಿಳ್ಳೆಯೂ ದಾಟಲ್ಲ," ಎಂದು ದೊರೆ ದಿನಕ್ಕೆ ಹತ್ತು ಸಲ ಹೇಳುತ್ತಾ ಏಡಿಯ ಕಾಲು ಚೀಪುತ್ತಾನೆ. ಆ ಏಡಿಯನ್ನು ಅದೇ ಕೆಸರು ದಾಟಿ, ಬುಟ್ಟಿ ಹೊತ್ತು, ನಮ್ಮ ರೊಕಿಯಾ ಚಿಕ್ಕಮ್ಮ ದಿನಾ ಬೆಳಿಗ್ಗೆ ತರುತ್ತಾಳೆ. ಒಮ್ಮೆ ತಡೆಯಲಾರದೆ ಹೇಳಿಯೇಬಿಟ್ಟೆ. ದೊರೆ ನಕ್ಷೆ ತಿದ್ದಲಿಲ್ಲ. ಚಿಕ್ಕಮ್ಮ ಅತ್ತ ಕಾಲಿಡಕೂಡದೆಂದು ಆಜ್ಞೆ ಹೊರಡಿಸಿದ! ಏಡಿ ಮಾತ್ರ ತಪ್ಪಬಾರದಂತೆ. "ನಕ್ಷೇಲಿ ದಾರಿ ಇಲ್ವಂತೆ ಕಣೋ ಹಮ್ದಾನ್. ಹಾಗಾದ್ರೆ ಇಷ್ಟು ವರ್ಷ ನಾನೇನು ಹಾರ್ಕೊಂಡು ಬರ್ತಿದ್ನಾ?" ಎಂದು ಉಗಿದು, ಅವಳೀಗ ಮೂರು ಗಂಟೆ ಸುತ್ತಿ ಬರುತ್ತಾಳೆ. ಕಾವಲಿಲ್ಲದ ಆ ಕೆಸರಿನ ಅಂಚಿನಲ್ಲೇ ನಮ್ಮ ಮನೆಗಳಿವೆ ಎಂಬುದು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉತ್ತರದ ಊರೊಂದು ಜಪಾನಿನವರ ಕೈಗೆ ಬಿತ್ತೆಂದು ಸುದ್ದಿ ಬಂತು ನೋಡಿ, ಈ ಬೆಳಿಗ್ಗೆ ಏಡಿ ತಂದಿದ್ದ ಚಿಕ್ಕಮ್ಮನ ಬಳಿಗೆ ದೊರೆ ತಾನೇ ಅಡುಗೆಮನೆ ಬಾಗಿಲಿಗೆ ಬಂದ. "ಅಮ್ಮಾ, ನಿನ್ನ ಆ ಕೆಸರಿನ ದಾರಿಯ ಆ ತುದೀಲಿ ದೋಣಿ ಸಿಗುತ್ತಾ? ನನ್ನೊಬ್ಬನ್ನ ದಾಟಿಸ್ತೀಯಾ?" ಎಂದು ಪಿಸುಗುಟ್ಟಿದ. ಚಿಕ್ಕಮ್ಮ ಏಡಿಯ ಬುಟ್ಟಿಯನ್ನು ವಾಪಸ್ ಎತ್ತಿಕೊಂಡು ಹೊರಟುಹೋದಳು. ಮಧ್ಯಾಹ್ನ ಕಚೇರಿಯಲ್ಲಿ ಅದೇ ಬಾಯಿ ನನಗೆ ಹೇಳಿತು: "ಆ ಹಸಿರು ಮಾಸಿದೆ ಹಮ್ದಾನ್, ಇನ್ನೊಂದು ಸಲ ದಪ್ಪಗೆ ಬಳಿ."