ಕಾಶಿನೋ ಏನೋ

ಐರ್ಲೆಂಡಿನ ಪಾರ್ಕ್‌ಮೋರ್‌ನಲ್ಲಿರುವ ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಆ ಮಧ್ಯಾಹ್ನ ಇದ್ದದ್ದು ಮೂವರು. ಯಂತ್ರ ರಿಪೇರಿಯ ಪೋಲೆಂಡಿನವನು, ಟೀ ಕುಡಿಯುತ್ತ ಕೂತಿದ್ದ ನಮ್ಮ ಐರಿಶ್ ಸೂಪರ್‌ವೈಸರಮ್ಮ, ಮೊಸರನ್ನದ ಡಬ್ಬಿ ಬಿಚ್ಚಿದ ನಾನು.

ಮೇ ತಿಂಗಳು ಬಂದರೆ ಪೋಲೆಂಡಿನವನು ಫೋನಿನಲ್ಲಿ ತನ್ನ ತಾತನ ಫೋಟೋ ತೋರಿಸುತ್ತಾನೆ. ಎದೆಯ ತುಂಬ ಪದಕ. ಎರಡನೇ ಮಹಾಯುದ್ಧದಲ್ಲಿ ರಷ್ಯನ್ನರ ಸೆರೆಯಿಂದ ಬಿಡಿಸಿಕೊಂಡು, ಇರಾನು, ಪ್ಯಾಲೆಸ್ಟೈನು ಸುತ್ತಿ ಇಟಲಿ ಸೇರಿ, ಬೇರೆಯವರೆಲ್ಲ ಹತ್ತಲಾಗದೆ ಹಿಂದಿರುಗಿದ್ದ ಬೆಟ್ಟವನ್ನು ಒಂದು ಮೇ ತಿಂಗಳಲ್ಲಿ ಹತ್ತಿ ಗೆದ್ದವರಂತೆ. ಅವರ ಪಡೆಯಲ್ಲಿ ಒಂದು ಕರಡಿ ಕೂಡ ಗುಂಡಿನ ಪೆಟ್ಟಿಗೆ ಹೊರುತ್ತಿತ್ತಂತೆ. ಇಷ್ಟಾದರೂ ಲಂಡನ್ನಿನ ವಿಜಯದ ಮೆರವಣಿಗೆಯಲ್ಲಿ ಆ ಪಡೆ ಹೆಜ್ಜೆ ಹಾಕಲಿಲ್ಲ, ನಮ್ಮವರ ಶೌರ್ಯ ಜಗತ್ತಿಗೆ ಗೊತ್ತೇ ಇಲ್ಲ ಎಂಬುದು ಅವನ ದೂರು.

ನನಗೋ ಹೊಟ್ಟೆಯುರಿ. ನನ್ನ ತಾತನೂ ಅದೇ ಯುದ್ಧಕ್ಕೆ ಹೋದವರು, ಬೆಂಗಳೂರಿನಿಂದ ಹೊರಟ ಸೇತುವೆ ಕಟ್ಟುವ ಪಡೆಯಲ್ಲಿ. ಅವರ ಕರಡಿಗೂ ಸೈನ್ಯದಲ್ಲಿ ಒಂದು ದರ್ಜೆಯಿತ್ತು. ನನ್ನ ತಾತನ ದರ್ಜೆ ಏನೆಂದು ನನಗೆ ಗೊತ್ತಿರಲಿಲ್ಲ. ಅವನ ದೂರಿನ ಮೇಲೂ ನನಗೆ ಅಸೂಯೆಯೇ. ಜಗತ್ತು ಮರೆತಿದೆ ಎಂದು ದೂರಬೇಕಾದರೆ ಮನೆಯವರಿಗಾದರೂ ನೆನಪಿರಬೇಕಲ್ಲ.

ಸೂಪರ್‌ವೈಸರಮ್ಮ ಕೆನ್ನೆಗೆ ಕೈಕೊಟ್ಟು ಅವನ ಕತೆ ಕೇಳುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವರನ್ನು ನನ್ನ ಕಡೆ ತಿರುಗಿಸಿಕೊಳ್ಳಲೆಂದೇ ನಮ್ಮ ಮನೆಯ ನಗೆಪಾಟಲಿನ ಕತೆಯೊಂದನ್ನು ತೆಗೆದೆ. ಯುದ್ಧದಲ್ಲಿ ಎಲ್ಲಿದ್ದಿರಿ ಎಂದರೆ ತಾತ "ಕಾಶಿನೋ" ಎನ್ನುತ್ತಿದ್ದರು. ಕನ್ನಡದಲ್ಲಿ ಹಾಗೆಂದರೆ ಕಾಶಿಯೋ ಇನ್ನೆಲ್ಲೋ, ಸರಿಯಾಗಿ ಗೊತ್ತಿಲ್ಲ ಎಂದಂತೆ. "ಹೋಗಿಬಂದ ಊರು ಕಾಶಿನೋ ಏನೋ ಅಂತ ಇವರಿಗೇ ಅನುಮಾನ" ಎಂದು ಅಜ್ಜಿ ಊರಿಗೆಲ್ಲ ಹೇಳಿ ನಗುತ್ತಿದ್ದಳು. ಬೆಟ್ಟದ ತುದಿಯಲ್ಲಿ ಮಠ, ಕೆಳಗೆ ನದಿ, ಮೊಣಕಾಲುದ್ದ ಕೆಸರು ಎಂದು ತಾತ ವರ್ಣಿಸಿದರೆ, ಕಾಶಿ ಕಂಡುಬಂದಿದ್ದ ಪಕ್ಕದ ಮನೆಯವರು, "ಕಾಶೀಲಿ ಬೆಟ್ಟ ಎಲ್ಲೈತೆ ಯಜಮಾನ್ರೇ?" ಎಂದು ಕಾಲೆಳೆದಿದ್ದರು. ಅಂದಿನಿಂದ ತಾತ ಆ ಮಾತೇ ಎತ್ತಲಿಲ್ಲ.

ಸೂಪರ್‌ವೈಸರಮ್ಮ ನಕ್ಕರು. ನಾನು ಗೆದ್ದೆ ಅಂದುಕೊಂಡೆ. ಪೋಲೆಂಡಿನವನು ನಗಲಿಲ್ಲ.

"ಇನ್ನೊಂದ್ಸಲ ಹೇಳು. ನಿಮ್ಮ ತಾತ ಹೇಳ್ತಿದ್ದ ಹಾಗೇ ಹೇಳು."

"ಕಾಶಿನೋ."

ಅವನು ಚಮಚ ಕೆಳಗಿಟ್ಟ. "ಕಸ್ಸೀನೋ ಅದು. ನಾನು ಹೇಳ್ತಿರೋ ಬೆಟ್ಟಾನೇ. ನಮ್ಮೋರಿಗಿಂತ ಮೊದಲು ಅಲ್ಲಿ ಸತ್ತೋರಲ್ಲಿ ನಿಮ್ಮೋರೂ ಇದ್ರು."

ಸಂತೋಷವಾಗಬೇಕಿತ್ತು. ಆದರೆ ಮೊದಲು ಬಂದದ್ದು ಮತ್ತದೇ ಉರಿ. ನನ್ನ ತಾತನ ವಿಷಯವನ್ನೂ ಇವನೇ ನನಗೆ ಹೇಳಬೇಕಾಯಿತಲ್ಲ.

ಆಮೇಲೆ, ನಗೆಗೆಂದು ತೆಗೆದ ಕತೆಯಲ್ಲಿ ಬಿಟ್ಟಿದ್ದ ಒಂದು ಮಾತನ್ನೂ ಅವನಿಗೆ ಹೇಳಿದೆ. ಕಾಶಿಗೆ ಹೋದವರು ತಮಗಿಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರುವುದು ನಮ್ಮಲ್ಲಿ ಪದ್ಧತಿ, ಹಣ್ಣೋ ತರಕಾರಿಯೋ. ನೀವೇನು ಬಿಟ್ಟು ಬಂದಿರಿ ಎಂದು ಅಜ್ಜಿ ಕೇಳಿದ್ದಕ್ಕೆ ತಾತ, "ಜೊತೆಗಾರನ್ನ ಬಿಟ್ಟು ಬಂದೆ" ಎಂದಿದ್ದರು. ಅದಕ್ಕೂ ಮನೆಯವರು ನಕ್ಕಿದ್ದರು.

"ಅವನ ಹೆಸರು?" ಎಂದ ಅವನು.

"ಯಾರೂ ಕೇಳ್ಲಿಲ್ಲ" ಎಂದೆ.

ಮರುವರ್ಷ ಮೇ ತಿಂಗಳಲ್ಲಿ ಅವನು ಇಟಲಿಗೆ ಹೋದ. ಅಲ್ಲಿಂದ ಎರಡು ಫೋಟೋ ಕಳಿಸಿದ. ಅವರ ಕಡೆ ಸಮಾಧಿಗಳ ಮೇಲಿಡುವ ಕೆಂಪು ಗಾಜಿನ ದೀಪ, ಒಂದು ಬೆಟ್ಟದ ಮೇಲೆ ಅವರ ಸ್ಮಶಾನದಲ್ಲಿ, ಇನ್ನೊಂದು ಕೆಳಗೆ ನಮ್ಮವರ ಸಮಾಧಿ ಕಲ್ಲುಗಳ ಮುಂದೆ. ಎರಡನೆಯದನ್ನು ಅಮ್ಮನಿಗೆ ಕಳಿಸಿ, ಎಲ್ಲವನ್ನೂ ಹೇಳಿದೆ.

ಆ ವರ್ಷದ ಪಿತೃಪಕ್ಷದಲ್ಲಿ ಅಮ್ಮ ತಾತನ ಎಡೆಯ ಪಕ್ಕ ಇನ್ನೊಂದು ಎಡೆ ಇಟ್ಟಳು.