ಜಾಡಿಯ ಹುತ್ತಕ್ಕೆ ಹಾಲೆರೆದ ದಿನ

ಇವತ್ತು ಬೆಳಿಗ್ಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುವಾಗ ಒಂದು ಕಟ್ಟಿರುವೆ ಬೆರಳ ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ಬೆರಳು ಮೂಸಿದೆ. ಛೀ ಅನ್ನಬೇಡಿ, ನಮ್ಮ ಮನೆಯಲ್ಲಿ ಇರುವೆಯ ಜಾತಿ ಗುರುತಿಸುತ್ತಿದ್ದದ್ದೇ ಹಾಗೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಲೂರಿನ ಮನೆಯ ಒಂದು ನಾಗರಚೌತಿ ನೆನಪಾಗಿ, ಕಾಫಿ ಅಲ್ಲೇ ಆರಿಹೋಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಣ್ಣನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಉಳಿದ ಹೊತ್ತೆಲ್ಲ ಇರುವೆ ಸಾಕುವ ಹುಚ್ಚು. ಬೇರೆಯವರು ಗಿಳಿಯನ್ನೋ ಮೊಲವನ್ನೋ ಸಾಕಿದರೆ ಇವನು ಮಾಸ್ತಿ ರಸ್ತೆಯ ಬದಿಯಲ್ಲಿ ಮಂಡಿಯೂರಿ ಇರುವೆ ಹುಡುಕುತ್ತಿದ್ದ. ಹಿಂಭಾಗ ಮೇಲೆತ್ತಿಕೊಂಡು ನಡೆಯುವುದು ಒಂದು ಜಾತಿ, ಸಾಲು ಬಿಡದೆ ಹೋಗುವುದು ಇನ್ನೊಂದು, ಜಜ್ಜಿದರೆ ಹುಳಿ ನಾರುವುದು ಮತ್ತೊಂದು. ಕಚ್ಚುವ ಜಾತಿ ಯಾವುದೆಂದು ಪತ್ತೆ ಮಾಡುವ ಕೆಲಸ ಮಾತ್ರ ಹೇಗೋ ನನ್ನ ಪಾಲಿಗೇ ಬರುತ್ತಿತ್ತು. ತೆಲುಗು ಮಾತಿನ ಅಮ್ಮ ಮಗನನ್ನು "ಚೀಮಲೋಡು", ಅಂದರೆ ಇರುವೆಯವನು, ಎಂದೇ ಕರೆಯುತ್ತಿದ್ದಳು.

ಸಾಕಬೇಕಾದರೆ ರಾಣಿ ಬೇಕು. ಮೊದಲ ಮಳೆ ನಿಂತ ಮೇಲೆ ಅದು ರೆಕ್ಕೆ ಕಳಚಿಕೊಂಡು ಒಂಟಿಯಾಗಿ ಓಡಾಡುತ್ತದೆ, ಬೆನ್ನು ಉಬ್ಬಿರುತ್ತದೆ. ಅಷ್ಟೇ ಗುರುತು. ಎಷ್ಟೋ ಸಲ ದೊಡ್ಡ ಆಳಿರುವೆಯನ್ನೇ ರಾಣಿಯೆಂದು ತಂದು ಮೋಸಹೋದ ಅಣ್ಣನಿಗೆ ಕೊನೆಗೊಂದು ನಿಜವಾದ ಕಟ್ಟಿರುವೆ ರಾಣಿ ಸಿಕ್ಕಿತು. ಗಾಜಿನ ಜಾಡಿಗೆ ಮಣ್ಣು ತುಂಬಿ ಅದರಲ್ಲಿ ಬಿಟ್ಟ. ಒಂದು ದಿನ ಇಡೀ ಮನೆಗೆ ಕೇಳುವಂತೆ ಕೂಗಿದ. "ಲೇ, ಬನ್ರೇ! ಮೊಟ್ಟೆ ಇಟ್ಟಿದೆ ಕಣ್ರೇ!"

ನಾನು ಓಡಿದೆ. ಅತ್ತಿಗೆ ಬರಲಿಲ್ಲ. ಮದುವೆಯಾಗಿ ವರ್ಷಗಳಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ.

ಮರುವರ್ಷದ ಹೊತ್ತಿಗೆ ಜಾಡಿ ತುಂಬ ಇರುವೆ. ಅವು ಮೇಲೆ ತಂದು ಸುರಿದ ಮಣ್ಣು ಪುಟ್ಟ ಹುತ್ತದ ಹಾಗೆ ಎದ್ದಿತ್ತು. ನಾಗರಚೌತಿಯ ದಿನ ಅಮ್ಮನೂ ನಾನೂ ಬೀದಿಯ ಹೆಂಗಸರ ಜೊತೆ ಊರಾಚೆಯ ಹುತ್ತಕ್ಕೆ ಹಾಲೆರೆಯಲು ಹೋದೆವು. ಮಕ್ಕಳ ಹರಕೆ ಹೊತ್ತು ಎಲ್ಲರಿಗಿಂತ ಮುಂದೆ ನಡೆಯಬೇಕಿದ್ದ ಅತ್ತಿಗೆ ತಲೆನೋವೆಂದು ಮನೆಯಲ್ಲೇ ಉಳಿದರು.

ಹಿಂತಿರುಗಿದಾಗ ಅಣ್ಣ ಜಾಡಿಯ ಮುಂದೆ ಕಲ್ಲಾಗಿ ನಿಂತಿದ್ದ. ಜಾಡಿಯ ಕಂಠದವರೆಗೂ ಹಾಲು. ಮೇಲೆ ಅರಿಸಿನ, ಕುಂಕುಮ, ಒಂದೆರಡು ಮಲ್ಲಿಗೆ, ಅವುಗಳ ನಡುವೆ ಕಪ್ಪಗೆ ತೇಲುವ ಇರುವೆಗಳು. ರಾಣಿಯೂ ತೇಲುತ್ತಿತ್ತು.

"ನಾನೇ ರೀ," ಎಂದರು ಅತ್ತಿಗೆ. "ಅಲ್ಲಿಗೆ ಹೋದ್ರೆ ಎಲ್ರೂ ನಾಗಪ್ಪನ್ನ ಬಿಟ್ಟು ನನ್ನ ಹೊಟ್ಟೆ ನೋಡ್ತಾರೆ. ಇದೂ ಹುತ್ತಾನೇ ಅಲ್ವಾ ಅಂತ ಇಲ್ಲೇ ಎರೆದೆ. ಸಾಯ್ತಾವೆ ಅಂತ ಹೊಳೀಲೇ ಇಲ್ಲ."

"ಬಂಜೆ ಕೈ..." ಎಂದು ಅಮ್ಮ ಶುರುಮಾಡಿದಳು.

"ಸುಮ್ನಿರಮ್ಮ!" ಅಣ್ಣ ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅವಳದೇನೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ನನ್ನಲ್ಲಿ. ಕೋಲಾರದ ಡಾಕ್ಟ್ರು ಹೇಳಿ ವರ್ಷ ಆಯ್ತು."

ಆಫೀಸಿನ ಕೆಲಸವೆಂದು ಸುಳ್ಳು ಹೇಳಿ ಕೋಲಾರಕ್ಕೆ ಹೋಗಿ ತೋರಿಸಿಕೊಂಡು ಬಂದಿದ್ದನಂತೆ. ಇರುವೆಯ ಮೊಟ್ಟೆಯನ್ನು ಊರಿಗೆಲ್ಲ ಸಾರಿದವನು ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಅತ್ತಿಗೆ ಅಳಲಿಲ್ಲ. "ವರ್ಷ ಆಯ್ತಾ?" ಎಂದರು. "ವರ್ಷವೆಲ್ಲ ನನ್ನನ್ನ ಎಲ್ರ ಬಾಯಿಗೂ ಬಿಟ್ಟು, ನೀವು ಇರುವೆ ನೋಡ್ತಾ ಕೂತಿದ್ರಾ?"

ಅತ್ತಿಗೆಯೇ ಜಾಡಿಯನ್ನು ಹಿತ್ತಲಿಗೆ ಒಯ್ದು, ನುಗ್ಗೆಮರದ ಬುಡಕ್ಕೆ ಸುರಿದು, ತೊಳೆದು ಬೋರಲು ಹಾಕಿದರು. ಸಂಜೆ ಎಂದಿನಂತೆ ಒಲೆ ಹಚ್ಚಿದರು. ಸಂಸಾರ ನಡೆಯಿತು. ಅಣ್ಣ ಮತ್ತೆ ಇರುವೆ ಸಾಕಲಿಲ್ಲ, ಈಗ ಅವನೂ ಇಲ್ಲ. ಈ ಕಥೆ ಹೇಳುವಾಗಲೆಲ್ಲ ನಾನು, ಪಾಪ, ಅತ್ತಿಗೆ ಹೇಗೋ ತಡೆದುಕೊಂಡರು ಎಂದು ಮುಗಿಸುತ್ತಿದ್ದೆ. ಕೇಳಿದವರೂ ತಲೆದೂಗುತ್ತಿದ್ದರು.

ಇವತ್ತು ಅದೇನು ತೋಚಿತೋ, ಅತ್ತಿಗೆಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. "ಆವತ್ತು ಹೇಗೆ ತಡ್ಕೊಂಡ್ರಿ ಅತ್ತಿಗೆ?"

ಅತ್ತಿಗೆ ಮೆಲ್ಲಗೆ ಕೇಳಿದರು:

"ತಡ್ಕೊಂಡೆ ಅಂತ ನಿಂಗ್ಯಾರೇ ಹೇಳಿದ್ದು?"