ಅರ್ಧ ಇಲಿಯ ಫೋಟೋ

ಪ್ರಯೋಗಶಾಲೆಯ ಹಿಂದಿನ ಇಲಿಮನೆಯಲ್ಲಿ ಹದಿನೆಂಟು ವರ್ಷದಿಂದ ಬೋನು ತೊಳೆಯುತ್ತಿದ್ದ ಹೆಂಗಸನ್ನು ಎಲ್ಲರೂ ಇಲಿಯಕ್ಕ ಎನ್ನುತ್ತಿದ್ದರು. ಆಕೆಗೆ ಇಲಿಗಳ ಮೇಲೆ ಮರ್ಯಾದೆ ಇತ್ತು, ಪ್ರಯೋಗಶಾಲೆಯ ಮುಖ್ಯಸ್ಥರಾದ ದೊಡ್ಡ ಸರ್ ಮೇಲೆ ಅಷ್ಟಿರಲಿಲ್ಲ. ಇಲಿ ಕಚ್ಚುವ ಮೊದಲು ಮೈ ಬಿಗಿ ಮಾಡಿ ತಿಳಿಸುತ್ತದೆ. ದೊಡ್ಡ ಸರ್ ನಗುನಗುತ್ತಾ ಹೇಳಿದ್ದರಲ್ಲಿ ಎಷ್ಟು ನಿಜ ಎಂದು ತಿಳಿಯುವ ಹೊತ್ತಿಗೆ ಅವರು ಮುಂದಿನ ಸಭೆಗೆ ವಿಮಾನ ಹತ್ತಿರುತ್ತಿದ್ದರು.

ದೊಡ್ಡ ಸರ್ ಕ್ಯಾನ್ಸರ್ ಔಷಧಿಯನ್ನು ನ್ಯಾನೋ ಕಣಗಳಲ್ಲಿ ತುಂಬುತ್ತಿದ್ದರು. ಕೂದಲೆಳೆಯನ್ನು ಸಾವಿರ ಸೀಳು ಸೀಳಿದರೆ ಸಿಗುವಷ್ಟು ಸಣ್ಣ ಕಣ. ವಿಳಾಸ ಬರೆದ ಲಕೋಟೆಯ ಹಾಗೆ ನೇರ ಗಡ್ಡೆಗೇ ಹೋಗುತ್ತದೆ ಎಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಕಣ ಎಲ್ಲಿ ಸೇರಿತೆಂದು ಕ್ಯಾಮೆರಾದಲ್ಲಿ ಕಾಣಲು ಅದಕ್ಕೆ ಹೊಳೆಯುವ ಬಣ್ಣ ಬೆರೆಸಿರುತ್ತಿದ್ದರು. ಇಲಿಯ ಬಾಲ ಹಿಡಿದು ಸೂಜಿಗೆ ಒಡ್ಡುವುದು ಇಲಿಯಕ್ಕನ ಕೆಲಸ. ಇಲಿಮನೆಯ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುವುದು ದೊಡ್ಡ ಸರ್ ಕೆಲಸ.

ಒಂದು ಸೋಮವಾರ ಪತ್ರಿಕೆಯಲ್ಲಿ ಫೋಟೋ ಬಂತು. ಎಡಗಿವಿಯಲ್ಲಿ ಎರಡು ಗುರುತಿದ್ದ ಹದಿನಾಲ್ಕನೇ ನಂಬರಿನ ಇಲಿ. ಹೆಗಲ ಮೇಲಿನ ಗಡ್ಡೆ ಕೆಂಪಗೆ ಹೊಳೆಯುತ್ತಿತ್ತು. ಎದೆಯಿಂದ ಕೆಳಗೆ ಇಲಿಯೇ ಇರಲಿಲ್ಲ. ಅದನ್ನು ಕ್ಯಾಮೆರಾ ಪೆಟ್ಟಿಗೆಯಲ್ಲಿ ಮಲಗಿಸಿದವಳು ಇಲಿಯಕ್ಕನೇ. ಪಕ್ಕೆಲುಬಿನ ಕೆಳಗೆ ಲಿವರ್ ಧಗಧಗ ಹೊಳೆದಿದ್ದನ್ನೂ, ಅದರ ಮುಂದೆ ಗಡ್ಡೆ ಮಿಣುಕು ದೀಪದಂತಿದ್ದುದನ್ನೂ ಕಣ್ಣಾರೆ ಕಂಡಿದ್ದಳು.

ಸಂಜೆ ತಂಗಿ ಅದೇ ಪತ್ರಿಕೆ ಹಿಡಿದು ಬಂದಳು. ಸ್ತನದ ಕ್ಯಾನ್ಸರ್ ಗಡ್ಡೆಗೆ ಆಸ್ಪತ್ರೆಯವರು ಹೇಳಿದ್ದ ಆರು ಕೀಮೋ ಡ್ರಿಪ್‌ಗಳಲ್ಲಿ ಎರಡು ಮುಗಿದಿದ್ದವು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಗುರುವಾರದ ಡ್ರಿಪ್‌ಗೆ ನಾನು ಹೋಗಲ್ಲ ಅಕ್ಕ. ನಿಮ್ಮ ಸರ್ ಔಷಧಿ ಬರೋವರೆಗೂ ಕಾಯ್ತೀನಿ. ಅದಕ್ಕೆ ವಾಂತಿನೇ ಇಲ್ವಂತೆ."

"ಇಲಿಗೆ ಹುಟ್ಟಿದಾಗಿಂದ ವಾಂತಿ ಬರಲ್ಲ ಕಣೇ. ಅದು ಅವರ ಸಾಧನೆನಾ?"

"ನಿಂಗೆ ಎಲ್ಲದಕ್ಕೂ ಕೊಂಕು. ಪೇಪರ್‌ನಲ್ಲೇ ಬಂದಿದೆ."

ಮರುದಿನ ಬೆಳಿಗ್ಗೆ ಇಲಿಯಕ್ಕ ಕಾರಿಡಾರಿನಲ್ಲಿ ದೊಡ್ಡ ಸರ್‌ಗೆ ಅಡ್ಡ ನಿಂತಳು.

"ಸರ್, ಹದಿನಾಲ್ಕರ ಹೊಟ್ಟೆ ಏನಾಯ್ತು?"

"ಜಾಗ ಸಾಲಲಿಲ್ಲಮ್ಮ. ಓದೋರಿಗೆ ಗೊಂದಲ ಆಗಬಾರದಲ್ವಾ?"

"ನನ್ನ ತಂಗಿಗೆ ಒಂಚೂರೂ ಗೊಂದಲ ಇಲ್ಲ ಸರ್. ಡ್ರಿಪ್ ಬಿಟ್ಟು ನಿಮ್ಮ ಔಷಧಿಗೆ ಕಾಯ್ತಾಳಂತೆ. ಎಷ್ಟು ತಿಂಗಳು ಕಾಯಬೇಕು?"

ಅವರು ಗಡಿಯಾರ ನೋಡಿಕೊಂಡರು. "ಭರವಸೆ ಇರಬೇಕಮ್ಮ."

"ನಾನು ಕೇಳಿದ್ದು ತಿಂಗಳು ಸರ್."

ದೊಡ್ಡ ಸರ್‌ಗೆ ಅಷ್ಟರಲ್ಲಿ ಫೋನ್ ಬಂತು. ಅಂಥವರಿಗೆ ಅಂಥ ಹೊತ್ತಿನಲ್ಲಿ ಬಂದೇ ಬರುತ್ತದೆ.

ಪ್ರತಿ ಇಲಿಯ ಪೂರ್ತಿ ಚಿತ್ರವನ್ನು ಅದರ ಬೋನಿನ ಚೀಟಿಗೆ ಅಂಟಿಸಿಡುವುದು ಇಲಿಮನೆಯ ಪದ್ಧತಿ. ಕತ್ತರಿ ಹಾಕಿದವರಿಗೆ ಬೋನಿನ ಹತ್ತಿರ ಬಂದು ಅಭ್ಯಾಸವಿದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಇಲಿಯಕ್ಕ ಹದಿನಾಲ್ಕರ ಚೀಟಿಯನ್ನು ಸೆರಗಿನಲ್ಲಿಟ್ಟುಕೊಂಡು ತಂಗಿಯ ಮನೆಗೆ ನಡೆದಳು.

ತಂಗಿ ದೊಡ್ಡ ಬೆಳಕಿನ ಮೇಲೆ ಬೆರಳಿಟ್ಟಳು. "ಇದೇ ಅಲ್ವಾ ಗಡ್ಡೆ?"

"ಅದು ಲಿವರ್. ಗಡ್ಡೆ ಮೇಲಿದೆ ನೋಡು, ಆ ಚುಕ್ಕೆ."

ತಂಗಿ ಪತ್ರಿಕೆಯ ಫೋಟೋವನ್ನು ಪಕ್ಕದಲ್ಲಿಟ್ಟು ತುಂಬ ಹೊತ್ತು ನೋಡಿದಳು.

"ಈ ಇಲಿ ಹೇಗಿದೆ ಈಗ?"

"ಸೂಜಿ ಚುಚ್ಚಿದ ಹನ್ನೊಂದನೇ ದಿನ ಸತ್ತುಹೋಯ್ತು."

ತಂಗಿ ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. "ಗುರುವಾರ ನೀನೂ ಬಾ. ಒಬ್ಬಳೇ ಹೋಗೋಕೆ ಆಗಲ್ಲ."

ಇಲಿಯಕ್ಕ ರಜೆ ಚೀಟಿಯಲ್ಲಿ, ಕಾರಣ ಎಂಬಲ್ಲಿ, 'ತಂಗಿಗೆ ಹಳೇ ಔಷಧಿ ಕೊಡಿಸಲು' ಎಂದು ಬರೆದಳು. ದೊಡ್ಡ ಸರ್ ಓದದೆ ಸಹಿ ಹಾಕಿದರು.